ಮುಂಬೈ ಶೇರ್ ಟ್ಯಾಕ್ಸಿ: ಉಳಿತಾಯವೂ ಉಂಟು, ಕಾಯುವ ಕಷ್ಟವೂ ಉಂಟು

ಬೆಳಗ್ಗೆ ಒಂಬತ್ತೂವರೆಗೆ ಚರ್ಚ್‌ಗೇಟ್ ಸ್ಟೇಷನ್‌ನಿಂದ ಹೊರಬಿದ್ದು ನರಿಮನ್ ಪಾಯಿಂಟ್‌ಗೆ ಹೋಗುವವರು ಎಲ್ಲಿಗೆಂದು ಹೇಳುವ ಅಗತ್ಯವೇ ಇರುವುದಿಲ್ಲ. ಸಾಲಿನಲ್ಲಿ ಮೊದಲು ನಿಂತ ಕಪ್ಪು-ಹಳದಿ ಟ್ಯಾಕ್ಸಿಯ ಬಾಗಿಲು ತೆರೆದು ಕೂತರಾಯಿತು. ನಾಲ್ವರಾದ ಕೂಡಲೇ ಗಾಡಿ ಹೊರಡುತ್ತದೆ. ಮೀಟರ್ ಇಲ್ಲ, ತಲೆಗಿಷ್ಟು ಎಂದು ದರ. ದಕ್ಷಿಣ ಮುಂಬೈಗೆ ಆಟೊಗಳಿಗೆ ಪ್ರವೇಶವಿಲ್ಲ. ಬಾಂದ್ರಾ, ಕುರ್ಲಾ ಕಡೆ ಇದೇ ಕೆಲಸವನ್ನು ಶೇರ್ ಆಟೊಗಳು ಮಾಡುತ್ತವೆ.

2025ರ ಫೆಬ್ರವರಿಯಿಂದ ಇಲ್ಲಿ ಟ್ಯಾಕ್ಸಿಯ ಕನಿಷ್ಠ ದರ 31 ರೂಪಾಯಿ, ಆಟೊಗೆ 26. ಅದೂ ಮೊದಲ ಒಂದೂವರೆ ಕಿಲೋಮೀಟರ್‌ಗೆ ಮಾತ್ರ. ದಿನಕ್ಕೆರಡು ಬಾರಿ, ತಿಂಗಳಿಗೆ 25 ದಿನ ಒಬ್ಬರೇ ಟ್ಯಾಕ್ಸಿ ಹಿಡಿದರೆ ಕನಿಷ್ಠ ದರದಲ್ಲೇ 1,550 ರೂಪಾಯಿ. ಶೇರ್‌ನಲ್ಲಿ ಹೋದರೆ ಇದರ ಒಂದು ಭಾಗ ಸಾಕು. ಚಾಲಕನಿಗೂ ನಷ್ಟವಿಲ್ಲ; ನಾಲ್ವರಿಂದ ಸೇರುವ ಹಣ ಸಾಮಾನ್ಯವಾಗಿ ಮೀಟರ್ ದರಕ್ಕಿಂತ ಹೆಚ್ಚೇ ಇರುತ್ತದೆ. ರಸ್ತೆಯಲ್ಲಿ ನಾಲ್ಕು ಗಾಡಿಯ ಬದಲು ಒಂದೇ ಓಡುವುದು ಊರಿಗಾದ ಲಾಭ.

ಆದರೆ ಈ ಲೆಕ್ಕವೆಲ್ಲ ಗಾಡಿ ತುಂಬಿದರೆ ಮಾತ್ರ. ಮಧ್ಯಾಹ್ನ ಮೂರು ಗಂಟೆಗೆ ನಾಲ್ಕನೆಯವರು ಬರುವವರೆಗೆ ಒಳಗೆ ಬೆವರುತ್ತ ಕೂರಬೇಕು. ಅವಸರವಿದ್ದವರು ಖಾಲಿ ಸೀಟಿನ ದುಡ್ಡನ್ನೂ ಹಂಚಿಕೊಂಡು ಹೊರಡುತ್ತಾರೆ, ಆಗ ಉಳಿತಾಯ ಅಷ್ಟಕ್ಕಷ್ಟೆ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿನಿಂದ ಬಂದು ಸಿಎಸ್‌ಎಂಟಿಯಲ್ಲಿ ಪೆಟ್ಟಿಗೆ-ಚೀಲಗಳೊಂದಿಗೆ ಇಳಿದ ಕುಟುಂಬಕ್ಕಂತೂ ಈ ಸಾಲಿನಿಂದ ಉಪಯೋಗವಿಲ್ಲ. ಹೆಚ್ಚು ತೊಂದರೆ ತಡರಾತ್ರಿ ಕೆಲಸ ಮುಗಿಸುವ ಹೆಣ್ಣುಮಕ್ಕಳಿಗೆ. ಬೆಳಗ್ಗೆ ಅಗ್ಗಕ್ಕೆ ಬಂದವರು ರಾತ್ರಿ ಅಪರಿಚಿತರ ನಡುವೆ ಕೂರಬೇಕು, ಇಲ್ಲವೇ ಸ್ಟ್ಯಾಂಡ್ ಖಾಲಿಯಿದ್ದರೆ ಪೂರ್ತಿ ಬಾಡಿಗೆ ತೆರಬೇಕು.

ಇನ್ನು ಕಾನೂನಿನ ವಿಚಾರ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ಯಾಕ್ಸಿ ಎಂದರೆ ಇಡೀ ವಾಹನವನ್ನು ಬಾಡಿಗೆಗೆ ಕೊಡುವ ವ್ಯವಸ್ಥೆ. ದಾರಿಯುದ್ದಕ್ಕೂ ಬೇರೆ ಬೇರೆ ಜನರನ್ನು ಹತ್ತಿಸಿ ಇಳಿಸುವುದು ಬಸ್ಸಿನ ಕೆಲಸ. ಆದ್ದರಿಂದಲೇ ಶೇರ್ ಮಾರ್ಗಕ್ಕೂ ದರಕ್ಕೂ ಸಾರಿಗೆ ಪ್ರಾಧಿಕಾರದ ಒಪ್ಪಿಗೆ ಬೇಕು. 2017ರಲ್ಲಿ ಕರ್ನಾಟಕ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಓಲಾ ಶೇರ್, ಉಬರ್ ಪೂಲ್‌ಗೆ ತಕರಾರು ತೆಗೆದದ್ದು ಇದೇ ಕಾರಣಕ್ಕೆ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಕಂಪನಿಗಳೇ ಆ ಸೇವೆ ನಿಲ್ಲಿಸಿದವು. ಆ್ಯಪ್ ಇಲ್ಲದ ಸ್ಟೇಷನ್ ಮುಂದಿನ ಸಾಲು ಮಾತ್ರ ಮತ್ತೆ ಬೆಳೆಯಿತು.

2025ರ ಅಕ್ಟೋಬರ್‌ನಲ್ಲಿ ಮೆಟ್ರೊ 3 ಕಫ್ ಪರೇಡ್‌ವರೆಗೆ ತಲುಪಿದೆ. ಲೋಕಲ್ ರೈಲಿನಲ್ಲಿ ಬರುವವರಿಗೆ ಸುರಂಗಕ್ಕಿಳಿದು ಒಂದೆರಡು ನಿಲ್ದಾಣ ಹೋಗಿ ಮತ್ತೆ ಮೇಲೆ ಹತ್ತುವುದಕ್ಕಿಂತ ಎದುರಿಗಿರುವ ಟ್ಯಾಕ್ಸಿಯೇ ಹತ್ತಿರವೆನಿಸಿದರೆ ಆಶ್ಚರ್ಯವಿಲ್ಲ. ಹತ್ತುವ ಮುನ್ನ ಸ್ಟ್ಯಾಂಡ್‌ನಲ್ಲಿ ದರದ ಫಲಕವಿದ್ದರೆ ನೋಡಿಕೊಳ್ಳಿ, ಚಿಲ್ಲರೆ ಇಟ್ಟುಕೊಳ್ಳಿ. ಆಟೊದಲ್ಲಿ ಪರವಾನಗಿ ಇರುವುದು ಮೂವರಿಗೆ. ಚಾಲಕನ ಪಕ್ಕದಲ್ಲಿ ತುದಿಗೆ ಕೂರಿಸಲು ಬಂದರೆ ಇಳಿದು ಮುಂದಿನ ಆಟೊಗೆ ಕಾಯಿರಿ.