ಬೆಲ್ಲದ ಕಷಾಯ: ಶ್ರಾವಕರ ಮನೆಗೆ ಒಗ್ಗುವ ಬಿಸಿ ಪಾನೀಯ

ನೆಗಡಿ ಹಿಡಿದಾಗ, ಮಳೆಯಲ್ಲಿ ನೆನೆದು ಬಂದಾಗ, ಅತಿಥಿ ದಣಿದು ಬಾಗಿಲಿಗೆ ಬಂದಾಗ ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಒಲೆಯ ಮೇಲೆ ಏರುವುದು ಕೊತ್ತಂಬರಿ-ಜೀರಿಗೆ ಕಷಾಯ. ಇದಕ್ಕೆ ಚಹಾ ಪುಡಿಯೂ ಬೇಡ, ಬಿಳಿ ಸಕ್ಕರೆಯೂ ಬೇಡ. ಸಕ್ಕರೆ ಬಿಡಬೇಕೆಂದು ಹೊರಟವರಿಗೆ ಈಗ ಸುಲಭವಾಗಿ ಸಿಗುವ ಸಲಹೆ ಜೇನುತುಪ್ಪ ಮತ್ತು ಹಸಿಶುಂಠಿ. ಆರೋಗ್ಯದ ಹೆಸರಿನಲ್ಲಿ ಬರುವ ಇವೆರಡೂ ಶ್ರಾವಕರ ಅಡುಗೆಮನೆಗೆ ಸಲ್ಲುವುದಿಲ್ಲ. ಅವಿಲ್ಲದೆಯೂ ಕಷಾಯ ರುಚಿಯಾಗುತ್ತದೆ.

ಜೇನು, ಹಸಿಶುಂಠಿ ಏಕೆ ಬೇಡ?

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಅಣುವ್ರತಗಳೊಂದಿಗೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಸೇರಿಸಿ 8 ಮೂಲಗುಣಗಳನ್ನು ಹೇಳಿದ್ದಾರೆ. ಮಧು ಎಂದರೆ ಜೇನು. ಅದೇ ಗ್ರಂಥದಲ್ಲಿ, ಸಿಗುವ ಪ್ರಯೋಜನಕ್ಕಿಂತ ಜೀವಹಿಂಸೆ ಹೆಚ್ಚೆಂದು ಬಿಡಬೇಕಾದ ವಸ್ತುಗಳಲ್ಲಿ ಮೂಲಂಗಿಯ ಜೊತೆಗೆ ಹಸಿಶುಂಠಿಯೂ ಇದೆ. ಪೂರ್ತಿ ಒಣಗಿದ ಶುಂಠಿಯನ್ನು ಕಂದಮೂಲ ಬಿಟ್ಟ ಅನೇಕ ಮನೆಗಳಲ್ಲಿ ಬಳಸುತ್ತಾರೆ. ಅದನ್ನೂ ತ್ಯಾಗ ಮಾಡಿದವರಿಗೆ ಕಾಳುಮೆಣಸೇ ಸಾಕು.

ಬೇಕಾಗುವ ಸಾಮಗ್ರಿ

ಪುಡಿಗೆ:
• ಕೊತ್ತಂಬರಿ ಬೀಜ – 4 ದೊಡ್ಡ ಚಮಚ
• ಜೀರಿಗೆ – 2 ದೊಡ್ಡ ಚಮಚ
• ಸೋಂಪು – 1 ದೊಡ್ಡ ಚಮಚ
• ಕಾಳುಮೆಣಸು – 1 ಸಣ್ಣ ಚಮಚ
• ಒಣಶುಂಠಿ ಪುಡಿ – ಅರ್ಧ ಸಣ್ಣ ಚಮಚ
• ಏಲಕ್ಕಿ – 3

ಇಬ್ಬರಿಗೆ ಕಷಾಯ ಮಾಡಲು:
• ಗಾಳಿಸಿದ ನೀರು – 2 ಲೋಟ
• ಪುಡಿ – 2 ಸಣ್ಣ ಚಮಚ
• ಪುಡಿ ಮಾಡಿದ ಬೆಲ್ಲ – 2 ದೊಡ್ಡ ಚಮಚ
• ಕಾಯಿಸಿದ ಹಾಲು – ಅರ್ಧ ಲೋಟ (ಬೇಕಿದ್ದರೆ)

ಮಾಡುವ ವಿಧಾನ

1. ಬೀಜಗಳನ್ನು ಹರಡಿ, ಹುಳವಿಲ್ಲವೆಂದು ನೋಡಿ ಆರಿಸಿ. ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು, ಆರಿದ ಮೇಲೆ ಏಲಕ್ಕಿ, ಒಣಶುಂಠಿ ಸೇರಿಸಿ ಪುಡಿ ಮಾಡಿ.
2. ಬೆಲ್ಲವನ್ನು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸಿ. ಬೆಲ್ಲದಲ್ಲಿ ಕಬ್ಬಿನ ಸಿಪ್ಪೆ, ಮರಳು ಇರುತ್ತವೆ, ಇರುವೆಯೂ ಸೇರಿಕೊಳ್ಳಬಹುದು. ಆದ್ದರಿಂದ ಕರಗಿಸುವ ಮೊದಲೇ ಬೆಳಕಿನಲ್ಲಿ ನೋಡಿಕೊಳ್ಳಿ.
3. ಉಳಿದ ನೀರಿಗೆ ಪುಡಿ ಹಾಕಿ 5 ನಿಮಿಷ ಕುದಿಸಿ. ಸೋಸಿದ ಬೆಲ್ಲದ ನೀರು ಸೇರಿಸಿ ಇನ್ನೊಂದು ಕುದಿ ಬಂದ ಮೇಲೆ ಇಳಿಸಿ ಸೋಸಿ.
4. ಹಾಲು ಬೇಕಾದವರು ಬೇರೆ ಪಾತ್ರೆಯಲ್ಲಿ ಬಿಸಿ ಮಾಡಿ ಕೊನೆಯಲ್ಲಿ ಬೆರೆಸಿ. ಬೆರೆಸಿದ ಮೇಲೆ ಮತ್ತೆ ಕುದಿಸಬೇಡಿ. ಬೆಲ್ಲದಲ್ಲಿರುವ ಹುಳಿಯ ಅಂಶ ಮತ್ತು ಲವಣಗಳಿಂದ ಕುದಿಯುವ ಹಾಲು ಒಡೆಯುತ್ತದೆ.

ಬೆಲ್ಲ ಆರಿಸುವಾಗ

ತೀರಾ ಹಳದಿ, ಬಿಳುಪು ಬೆಲ್ಲಕ್ಕೆ ಬಣ್ಣ ಬರಲು ಆಲೆಮನೆಯಲ್ಲಿ ಹೈಡ್ರೋಸ್ ಎಂಬ ಗಂಧಕದ ರಾಸಾಯನಿಕ ಹಾಕಿರುವ ಸಂಭವವಿದೆ. ಸಾಧ್ಯವಾದಷ್ಟು ಕಂದುಬಣ್ಣದ ಬೆಲ್ಲ ಕೊಳ್ಳಿ. ಹೊರದೇಶದಲ್ಲಿರುವ ಕುಟುಂಬಗಳಿಗೆ ಇನ್ನೊಂದು ಮಾತು: ಕೆಲವು ದೇಶಗಳಲ್ಲಿ ಕಬ್ಬಿನ ಸಕ್ಕರೆಯನ್ನು ಬಿಳುಪಾಗಿಸಲು ಪ್ರಾಣಿಗಳ ಮೂಳೆಯ ಇದ್ದಿಲನ್ನು ಬಳಸುವುದುಂಟು. ಅಂಥಲ್ಲಿ ಬೆಲ್ಲ ನೆಮ್ಮದಿಯ ಆಯ್ಕೆ.

ಮರ್ಯಾದೆಯ ಕಾಲ

ಗಾಳಿಸಿದ ನೀರಿಗೆ 48 ನಿಮಿಷ, ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ ಮರ್ಯಾದೆ. ಪುಡಿಗೆ ಹಿಟ್ಟಿನ ಮರ್ಯಾದೆಯನ್ನೇ ಪಾಲಿಸುವವರು ಚಳಿಗಾಲದಲ್ಲಿ 7, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3 ದಿನವೆಂದು ಎಣಿಸುತ್ತಾರೆ. ಮೇಲಿನ ಅಳತೆ ಚಿಕ್ಕದಾಗಿರುವುದು ಇದಕ್ಕಾಗಿಯೇ. ಮಳೆಗಾಲದಲ್ಲಿ ಅದರ ಅರ್ಧ ಮಾಡಿದರೂ ಆದೀತು.

ಸಕ್ಕರೆ ಕಾಯಿಲೆ ಇದ್ದವರಿಗೆ

ಬೆಲ್ಲವೂ ಬಹುಪಾಲು ಸಕ್ಕರೆಯೇ. ರಕ್ತದ ಸಕ್ಕರೆಯನ್ನು ಅದೂ ಏರಿಸುತ್ತದೆ. "ಬೆಲ್ಲ ತಾನೇ, ಏನಾಗುವುದಿಲ್ಲ" ಎಂದು ಹಿರಿಯರಿಗೆ ಎರಡು ಲೋಟ ಕೊಡುವುದು ಪ್ರೀತಿಯಾದರೂ ಅಪಾಯ. ಅವರ ಪಾಲನ್ನು ಬೆಲ್ಲ ಹಾಕುವ ಮೊದಲೇ ಸೋಸಿ ತೆಗೆದಿಡಿ. ಸೋಂಪು, ಏಲಕ್ಕಿಯಿಂದ ಅದಕ್ಕೂ ಒಂದು ಸಿಹಿಯ ಘಮ ಇರುತ್ತದೆ.

ರಾತ್ರಿಭೋಜನ ತ್ಯಾಗ ಮಾಡಿ ನೀರನ್ನೂ ಬಿಡುವವರು ಮನೆಯಲ್ಲಿದ್ದರೆ, ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ಒಲೆ ಹಚ್ಚಿ. ಬಿಸಿ ಕಷಾಯವನ್ನು ಅವಸರದಲ್ಲಿ ಕುಡಿಯಲಾಗದು.