ಪುಣೆಯ ಪರಮ್ 8000: ಮೊದಲ ಬೈಟ್ ಯಾರು ಕಳಿಸಿದರು?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಹಿಂಜವಡಿಗೆ ಹೋಗೋ ಕ್ಯಾಬ್‌ನಲ್ಲಿ ಕೂತು ಓದೋರಿಗಾಗಿ ಈ ವಾರದ ಮಾತು ಬರಹದ ರೂಪದಲ್ಲಿ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೀನಿ.

ಆಗಸ್ಟ್ 15 ಹತ್ತಿರ ಬಂದ ಕೂಡಲೇ ನಮ್ಮ ಪುಣೆ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತೋಕೆ ಶುರು ಆಗುತ್ತೆ, ನೋಡಿರ್ತೀರಿ. ‘ಅಮೆರಿಕ ನಮಗೆ ಸೂಪರ್‌ಕಂಪ್ಯೂಟರ್ ಕೊಡಲಿಲ್ಲ, ನಾವೇ ಪುಣೆಯಲ್ಲಿ ಪರಮ್ ಕಟ್ಟಿ ತೋರಿಸಿದೆವು.’ ಅದರ ಕೆಳಗೆ ಯಾರಾದರೊಬ್ಬರು ಬರೆದೇ ಬರೀತಾರೆ: ‘ಏನ್ ಕಟ್ಟಿದ್ದು? ಚಿಪ್ ಫಾರಿನ್‌ದು, ಇಲ್ಲಿ ಜೋಡಿಸಿದ್ದು ಅಷ್ಟೇ.’ ಆಮೇಲೆ ರಾತ್ರಿ ಹನ್ನೊಂದರ ತನಕ ಜಗಳ.

ಎರಡೂ ಕಡೆಯವರು ಅರ್ಧ ಸರಿ. ಕ್ರೇ ಬರಲೇ ಇಲ್ಲ ಅನ್ನೋದು ನಿಜವಲ್ಲ. 1980ರ ದಶಕದ ಕೊನೆಗೆ ಕ್ರೇ ಎಕ್ಸ್-ಎಂಪಿ 14 ದೆಹಲಿಗೆ ಬಂತು. ಆದರೆ ನಾವು ಕೇಳಿದ್ದಕ್ಕಿಂತ ಚಿಕ್ಕ ಮಾಡೆಲ್ಲು, ಅದೂ ಹವಾಮಾನ ಮುನ್ಸೂಚನೆಗೆ ಮಾತ್ರ ಬಳಸಬೇಕು ಅನ್ನೋ ಷರತ್ತಿನ ಜೊತೆ. ಅಂದ್ರೆ ಯಂತ್ರ ನಮ್ಮ ನೆಲದಲ್ಲಿ ಇದ್ದರೂ ಅದರ ಮೇಲೆ ಏನು ಓಡಬೇಕು ಅಂತ ಹೇಳೋರು ಬೇರೆಯವರು. ಇನ್ನು ಪರಮ್‌ನ ಚಿಪ್‌ಗಳು ಬ್ರಿಟನ್ನಿನವು, ಬ್ರಿಸ್ಟಲ್‌ನ ಇನ್‌ಮಾಸ್ ಕಂಪನಿಯವು. ಅದೂ ನಿಜವೇ.

ಹಾಗಾದ್ರೆ ನಮ್ಮದು ಅಂತ ಏನಿತ್ತು? ಈ ಪ್ರಶ್ನೆಗೆ ಉತ್ತರ ಹುಡುಕೋಕೆ ನನಗೆ ಗೊತ್ತಿರೋ ಒಳ್ಳೆಯ ದಾರಿ ಒಂದಿದೆ. ಕಂಪ್ಯೂಟರ್‌ಗೆ ಕರೆಂಟ್ ಕೊಟ್ಟ ಮೊದಲ ಸೆಕೆಂಡಿನಲ್ಲಿ ಏನಾಗುತ್ತೆ ನೋಡೋದು. ಕೊಂಡುಕೊಂಡ ಯಂತ್ರದಲ್ಲಿ ಆ ಸೆಕೆಂಡು ಮಾರಿದವನದು. ಕಟ್ಟಿದ ಯಂತ್ರದಲ್ಲಿ ಅದನ್ನ ಕಟ್ಟಿದವನೇ ಬರೀಬೇಕು.

ಮೊದಲು ನಮ್ಮ ಮಾಮೂಲಿ ಪಿಸಿ ತಗೊಳ್ಳಿ, ಹಳೇ ಕಾಲದ್ದು. ಕರೆಂಟ್ ಬಂದಾಗ ಬಯಾಸ್ ಏಳುತ್ತೆ, ಡಿಸ್ಕಿನ ಮೊದಲ ಸೆಕ್ಟರ್ ಓದುತ್ತೆ. ಅಲ್ಲಿರೋದು 512 ಬೈಟ್. ಅದರಲ್ಲಿ 64 ಪಾರ್ಟಿಶನ್ ಟೇಬಲ್‌ಗೆ, 2 ಗುರುತಿಗೆ ಹೋದರೆ ಬೂಟ್ ಲೋಡರ್ ಕೋಡ್‌ಗೆ ಉಳಿಯೋದು 446 ಬೈಟ್. ಅಷ್ಟರಲ್ಲಿ ಯಾವ ಜಾಣತನವೂ ಹಿಡಿಸಲ್ಲ. ಹಾಗಾಗಿ ಆ ತುಣುಕು ತನಗಿಂತ ದೊಡ್ಡದನ್ನ ಎತ್ತಿ ತರುತ್ತೆ, ಆ ದೊಡ್ಡದು ಕರ್ನೆಲ್‌ನ ಎತ್ತಿ ತರುತ್ತೆ. ಚಿಕ್ಕದು ದೊಡ್ಡದನ್ನ ಎಬ್ಬಿಸೋದು, ಬೂಟ್ ಅಂದ್ರೆ ಇಷ್ಟೇ.

ಈಗ ಪುಣೆಗೆ ಬನ್ನಿ. 1988ರಲ್ಲಿ ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ ಸಿ-ಡ್ಯಾಕ್ ಶುರುವಾಯ್ತು. ಜಾಗ ನಮಗೆಲ್ಲ ಗೊತ್ತಿರೋದೇ, ಗಣೇಶಖಿಂಡ್‌ನ ಪುಣೆ ವಿಶ್ವವಿದ್ಯಾಲಯದ ಆವರಣ. ಈಗ ಅದರ ಮುಂದಿನ ಸರ್ಕಲ್‌ನಲ್ಲಿ ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ನಿಂತು ನಿಟ್ಟುಸಿರು ಬಿಡ್ತೀವಲ್ಲ, ಅದರ ಒಳಗಡೆ. ಸರ್ಕಾರ ಕೊಟ್ಟ ಗಡುವು 3 ವರ್ಷ. 1991ರಲ್ಲಿ ಪರಮ್ 8000 ಹೊರಬಂತು.

ಮಧ್ಯೆ ಒಂದು ಮಾತು. ಬೆಂಗಳೂರಿನವರು ಬೇಜಾರು ಮಾಡ್ಕೋಬೇಡಿ. ಪುಣೆಗಿಂತ ಮೊದಲೇ, 1986ರಲ್ಲಿ, ಬೆಂಗಳೂರಿನ ಎನ್ಎಎಲ್‌ನಲ್ಲಿ ಫ್ಲೋಸಾಲ್ವರ್ ಅನ್ನೋ ಸಮಾನಾಂತರ ಕಂಪ್ಯೂಟರ್ ಓಡಿತ್ತು. ವಿಮಾನದ ಸುತ್ತ ಗಾಳಿ ಹರಿಯೋ ಲೆಕ್ಕಕ್ಕಾಗಿ ಕಟ್ಟಿದ್ದು. ಅದರ ಕಥೆ ಇನ್ನೊಂದು ದಿನ.

ಪರಮ್ 8000ರ ಒಳಗಿದ್ದದ್ದು ಟಿ800 ಸರಣಿಯ ಟ್ರಾನ್ಸ್‌ಪ್ಯೂಟರ್‌ಗಳು, 64 ನೋಡ್. ಟ್ರಾನ್ಸ್‌ಪ್ಯೂಟರ್ ಅನ್ನೋದು ಆ ಕಾಲಕ್ಕೆ ವಿಚಿತ್ರ ಪ್ರಾಣಿ. ಒಂದೇ ಚಿಪ್‌ನಲ್ಲಿ ಪ್ರೊಸೆಸರ್, 4 ಕೆಬಿ ಮೆಮೊರಿ, ಜೊತೆಗೆ ಅಕ್ಕಪಕ್ಕದ ಚಿಪ್‌ಗಳ ಜೊತೆ ಮಾತಾಡೋಕೆ 4 ಲಿಂಕ್. ಮನೆಗೆ ನಾಲ್ಕು ಬಾಗಿಲು ಇದ್ದ ಹಾಗೆ.

ಇದನ್ನ ಎಬ್ಬಿಸೋದು ಹೇಗೆ? ಚಿಪ್‌ನಲ್ಲಿ ಒಂದು ಪಿನ್ ಇತ್ತು. ಅದು ಹೈ ಇದ್ದರೆ ರಾಮ್‌ನಿಂದ ಬೂಟ್, ನಮ್ಮ ಪಿಸಿ ಥರ. ಲೋ ಇದ್ದರೆ ಚಿಪ್ ಏನೂ ಮಾಡಲ್ಲ. ಸುಮ್ಮನೆ ಕಾಯುತ್ತೆ. ಬಯಾಸ್ ಇಲ್ಲ, ಡಿಸ್ಕ್ ಇಲ್ಲ. ನಾಲ್ಕು ಬಾಗಿಲಲ್ಲಿ ಯಾವ ಬಾಗಿಲು ಮೊದಲು ಬಡಿದರೂ ಅಲ್ಲಿಂದ ಬರೋ ಮೊದಲ ಬೈಟ್ ಏನು ಅಂತ ನೋಡುತ್ತೆ. ಆ ಬೈಟ್ 0 ಆದ್ರೆ: ‘ಇಂಥ ವಿಳಾಸದಲ್ಲಿ ಇದನ್ನ ಬರಿ.’ 1 ಆದ್ರೆ: ‘ಇಂಥ ವಿಳಾಸದಲ್ಲಿ ಏನಿದೆ, ಹೇಳು.’ 2 ಅಥವಾ ಅದಕ್ಕಿಂತ ಹೆಚ್ಚಾದ್ರೆ: ‘ಇಷ್ಟು ಬೈಟ್ ಕೋಡ್ ಬರ್ತಾ ಇದೆ, ಮೆಮೊರಿಗೆ ಹಾಕ್ಕೊ, ಓಡಿಸು.’ ಒಂದು ಬೈಟ್‌ನಲ್ಲಿ ಹೇಳಬಹುದಾದ ದೊಡ್ಡ ಸಂಖ್ಯೆ 255. ಅಂದ್ರೆ ಮೊದಲ ಬೂಟ್ ಕೋಡ್ 255 ಬೈಟ್ ದಾಟೋ ಹಾಗಿಲ್ಲ. ಪಿಸಿಯ 446 ಇದರ ಮುಂದೆ ಬಂಗಲೆ.

ನನಗೆ ತುಂಬಾ ಇಷ್ಟವಾದ ವಿವರ ಈಗ ಬರೋದು. ಆ ಪುಟ್ಟ ಕೋಡ್ ಓಡೋಕೆ ಶುರುವಾದಾಗ ಪ್ರೊಸೆಸರ್‌ನ ಒಂದು ರಿಜಿಸ್ಟರ್‌ನಲ್ಲಿ ಯಾವ ಲಿಂಕ್‌ನಿಂದ ತನ್ನನ್ನ ಎಬ್ಬಿಸಿದರು ಅನ್ನೋದು ಇರ್ತಿತ್ತು. ಹುಟ್ಟಿದ ಕೂಡಲೇ ಅದಕ್ಕೆ ಗೊತ್ತಿರೋ ಸಂಗತಿ ಅದೊಂದೇ, ಅಮ್ಮ ಯಾವ ಬಾಗಿಲಲ್ಲಿ ನಿಂತಿದ್ದಾಳೆ ಅನ್ನೋದು. ಮುಂದಿನ ಕೋಡ್ ಆ ಬಾಗಿಲಿಂದ ಕೇಳಿ ಪಡೀಬೇಕು, ಉಳಿದ ಮೂರು ಬಾಗಿಲ ಆಚೆ ಇರೋರನ್ನ ತಾನು ಎಬ್ಬಿಸಬೇಕು. ಕಾರ್ತಿಕ ಮಾಸದಲ್ಲಿ ದೇವಸ್ಥಾನದ ದೀಪೋತ್ಸವ ನೋಡಿದ್ದೀರಲ್ಲ? ಪೂಜಾರಿ ಹಚ್ಚೋದು ಒಂದೇ ದೀಪ. ಆಮೇಲೆ ಒಬ್ಬರ ದೀಪದಿಂದ ಇನ್ನೊಬ್ಬರು ಹಚ್ಚಿಕೊಳ್ತಾ ಪ್ರಾಂಗಣ ಪೂರ್ತಿ ಬೆಳಗುತ್ತೆ. ಇಲ್ಲಿ ಪೂಜಾರಿ ಅಂದ್ರೆ ಹೋಸ್ಟ್ ಅಂತ ಕರೆಯೋ ಒಂದು ಸಾಮಾನ್ಯ ಕಂಪ್ಯೂಟರ್, ಸೂಪರ್‌ಕಂಪ್ಯೂಟರ್‌ನ ಒಂದೇ ಒಂದು ನೋಡ್‌ಗೆ ವೈರ್ ಹಾಕಿಕೊಂಡಿರೋದು.

ಸ್ವಲ್ಪ ಲೆಕ್ಕ ಮಾಡೋಣ. 64 ನೋಡ್‌ಗಳನ್ನ ಒಂದೇ ಸಾಲಲ್ಲಿ ಜೋಡಿಸಿದರೆ ಮೊದಲ ನೋಡ್‌ನಿಂದ ಕೊನೆಯದಕ್ಕೆ ಕೋಡ್ ತಲುಪೋಕೆ 63 ಹೆಜ್ಜೆ. 8 ಸಾಲು 8 ಕಂಬದ ಜಾಲ ಮಾಡಿದರೆ ಮೂಲೆಯಿಂದ ಎದುರು ಮೂಲೆಗೆ 14 ಹೆಜ್ಜೆ. ಮರದ ಥರ, ಒಬ್ಬೊಬ್ಬರಿಗೆ ಮೂರು ಮಕ್ಕಳು ಅಂತ ಜೋಡಿಸಿದರೆ 1, 3, 9, 27 ಸೇರಿ ಮೂರೇ ಹೆಜ್ಜೆಗೆ 40 ನೋಡ್ ಎದ್ದಿರ್ತವೆ, ನಾಲ್ಕನೇ ಹೆಜ್ಜೆಗೆ ಎಲ್ಲವೂ. ಬೂಟ್‌ಗೆ ಮರವೇ ಚೆನ್ನ. ಆದರೆ ಹವಾಮಾನದಂಥ ಲೆಕ್ಕಕ್ಕೆ ಮರ ಕೆಲಸಕ್ಕೆ ಬರಲ್ಲ, ಅಕ್ಕಪಕ್ಕದ ಚೌಕಗಳು ಮಾತಾಡೋ ಜಾಲವೇ ಬೇಕು. ಪರಮ್ 8000ರ ವಿಶೇಷ ಅಂದ್ರೆ ನೋಡ್‌ಗಳ ನಡುವಿನ ಜೋಡಣೆಯನ್ನ ಬೇಕಾದ ಹಾಗೆ ಬದಲಾಯಿಸಬಹುದಿತ್ತು. ಒಳ್ಳೇದೇ. ಆದರೆ ಜೋಡಣೆ ಬದಲಾದ ಹಾಗೆಲ್ಲ ಯಾರು ಯಾರನ್ನ ಎಬ್ಬಿಸಬೇಕು ಅನ್ನೋದೂ ಬದಲಾಗುತ್ತೆ. ಇದ್ದ ಜಾಲದೊಳಗೇ ಒಂದು ಮರ ಹುಡುಕಿಕೊಳ್ಳಬೇಕು. ಮಧ್ಯೆ ಒಂದು ಲಿಂಕ್ ಕೆಟ್ಟಿದ್ದರೆ ಅದರಾಚೆ ಇರೋವು ಯಾವ ಎರರ್ ಮೆಸೇಜೂ ಕೊಡದೆ ಮಲಗೇ ಇರ್ತವೆ.

ಅಲ್ಲೇ ಆ 0 ಮತ್ತು 1ರ ಬೆಲೆ ಗೊತ್ತಾಗೋದು. ಕೋಡ್ ಕಳಿಸೋ ಮೊದಲು ಪಕ್ಕದವನಿಗೆ ಒಂದು ಪದ ಬರೆಯೋದು, ವಾಪಸ್ ಕೇಳೋದು. ಅದೇ ಪದ ಬಂದರೆ ಅವನು ಇದ್ದಾನೆ, ಲಿಂಕ್ ಸರಿ ಇದೆ. ಬರಲಿಲ್ಲ ಅಂದ್ರೆ ಆ ಬಾಗಿಲು ಬಿಟ್ಟು ಬೇರೆ ಬಾಗಿಲು. ಹೀಗೆ ನೋಡ್‌ನಿಂದ ನೋಡ್‌ಗೆ ತೆವಳಿ ಇಡೀ ಜಾಲದ ನಕ್ಷೆ ತರೋ ಪ್ರೋಗ್ರಾಮ್‌ಗಳಿಗೆ ಆಗಿನ ಟ್ರಾನ್ಸ್‌ಪ್ಯೂಟರ್ ಜನ ‘ವರ್ಮ್’ ಅಂತಿದ್ದರು, ಹುಳು. ಈ ಹುಳು ಒಳ್ಳೆಯದು.

ಇನ್‌ಮಾಸ್ ಕಂಪನಿ ಇದನ್ನೆಲ್ಲ ಪುಸ್ತಕದಲ್ಲಿ ಬಿಚ್ಚಿ ಬರೆದಿತ್ತು, ಆಕ್ಯಮ್ ಭಾಷೆ, ಟೂಲ್‌ಗಳು ಎಲ್ಲ ಕೊಟ್ಟಿತ್ತು. ಹಾಗಾಗಿ ಪುಣೆಯವರು ಎಲ್ಲವನ್ನೂ ಶೂನ್ಯದಿಂದ ಮಾಡಿದರು ಅಂತ ನಾನು ಹೇಳಲ್ಲ. ಆದರೆ 64 ಚಿಪ್ ಕೊಂಡು ಬೋರ್ಡಿಗೆ ಹಾಕಿದರೆ ಸಿಗೋದು 64 ಮಲಗಿರೋ ಚಿಪ್. ಅವನ್ನ ಒಂದು ಯಂತ್ರ ಮಾಡೋದು ಜೋಡಣೆಯ ವಿನ್ಯಾಸ, ಎಬ್ಬಿಸೋ ಕ್ರಮ, ಅದರ ಮೇಲೆ ಬಳಕೆದಾರರಿಗೆ ಕಾಣೋ ಸಾಫ್ಟ್‌ವೇರ್. ಸಿ-ಡ್ಯಾಕ್ ಇದಕ್ಕಾಗಿ ಪಾರಸ್ ಅನ್ನೋ ತನ್ನದೇ ಪರಿಸರ ಕಟ್ಟಿತು. ‘ಜೋಡಿಸಿದ್ದು ಅಷ್ಟೇ’ ಅನ್ನೋರಿಗೆ ನನ್ನ ಉತ್ತರ ಇದು: ಹೌದು, ಜೋಡಿಸಿದ್ದು. ಜೋಡಿಸೋದೇ ಕಷ್ಟದ ಕೆಲಸ ಆಗಿತ್ತು. ದೆಹಲಿಯ ಕ್ರೇ ಮೇಲೆ ಏನು ಓಡಬೇಕು ಅಂತ ಬೇರೆಯವರು ಷರತ್ತು ಹಾಕಿದ್ದರು. ಪುಣೆಯ ಯಂತ್ರಕ್ಕೆ ಮೊದಲ ಬೈಟ್ ಕಳಿಸಿದವರು ಪುಣೆಯವರೇ.

ಟ್ರಾನ್ಸ್‌ಪ್ಯೂಟರ್ ಹೆಚ್ಚು ಕಾಲ ಬಾಳಲಿಲ್ಲ. ಮುಂದಿನ ಮಾಡೆಲ್ ಟಿ9000 ತಡವಾಗಿ ತಡವಾಗಿ ಮಣ್ಣುಪಾಲಾಯ್ತು. ಪರಮ್ ಸರಣಿ ಬೇರೆ ಚಿಪ್‌ಗಳಿಗೆ ಜಿಗಿಯಿತು. 1998ರ ಪರಮ್ 10000ದಲ್ಲಿ ಸನ್ ಕಂಪನಿಯ ಅಲ್ಟ್ರಾಸ್ಪಾರ್ಕ್ ಯಂತ್ರಗಳು. ಸನ್ ಮೇಲೆ ಕೆಲಸ ಮಾಡಿರೋ ಹಿರಿಯರು ನಮ್ಮಲ್ಲಿ ಇದ್ದರೆ ಆ ‘ಓಕೆ’ ಪ್ರಾಂಪ್ಟ್ ಮರೆತಿರಲ್ಲ. ಯಾವ ಡಿಸ್ಕಿನಿಂದ ಬೂಟ್ ಆಗಬೇಕು ಅಂತ ಅಲ್ಲೇ ಟೈಪ್ ಮಾಡಿ ಹೇಳಬಹುದಿತ್ತು, ಒಳಗೊಂದು ಪೂರ್ತಿ ಫೋರ್ತ್ ಭಾಷೆಯೇ ಇತ್ತು. ಆಮೇಲೆ ಬಂದ ಪರಮ್ ಪದ್ಮ ನಮ್ಮ ಬೆಂಗಳೂರಿನಲ್ಲಿ ನೆಲೆಯಾಯ್ತು. ಐಬಿಎಂ ಪವರ್4 ಪ್ರೊಸೆಸರ್, 2003ರ ಜೂನ್‌ನ ಟಾಪ್500 ಪಟ್ಟಿಯಲ್ಲಿ 171ನೇ ಸ್ಥಾನ.

ಪರಮ್ 8000 ಬಂದ ಅದೇ 1991ರಲ್ಲಿ ಹೆಲ್ಸಿಂಕಿಯಲ್ಲಿ ಇನ್ನೊಂದು ಶುರುವಾಗಿತ್ತು, ಲಿನಕ್ಸ್. ಆಗಿನ ಲಿನಕ್ಸ್ ಕರ್ನೆಲ್‌ನ ಮೊದಲ 512 ಬೈಟೇ ಬೂಟ್ ಸೆಕ್ಟರ್. ಫ್ಲಾಪಿಗೆ ಹಾಗೇ ಬರೆದರೆ ಸಾಕು, ಏಳ್ತಿತ್ತು. ರೂಟ್ ಯಾವ ಡಿಸ್ಕ್‌ನಲ್ಲಿದೆ ಅಂತ ಹೇಳಬೇಕಾದರೆ ಕರ್ನೆಲ್ ಫೈಲಿನ 508ನೇ ಬೈಟ್‌ನ ಜಾಗದಲ್ಲೇ ತಿದ್ದಬೇಕು. ಅದಕ್ಕೆ ‘ಆರ್‌ಡೆವ್’ ಅಂತ ಕಮಾಂಡ್ ಇತ್ತು. ಕಾನ್ಫಿಗರೇಶನ್ ಫೈಲ್ ಇಲ್ಲ, ಕರ್ನೆಲ್‌ಗೇ ಹಚ್ಚೆ ಹಾಕೋದು.

ಆಮೇಲೆ ವರ್ನರ್ ಅಲ್ಮೆಸ್‌ಬರ್ಗರ್ ಬರೆದ ಲೈಲೋ. ಅದಕ್ಕೆ ಫೈಲ್ ಸಿಸ್ಟಮ್ ಓದೋಕೆ ಬರ್ತಿರಲಿಲ್ಲ. ಕರ್ನೆಲ್ ಡಿಸ್ಕಿನ ಯಾವ ಯಾವ ಬ್ಲಾಕ್‌ನಲ್ಲಿದೆ ಅಂತ ಪಟ್ಟಿ ಬರೆದಿಟ್ಟುಕೊಳ್ತಿತ್ತು. ಹೊಸ ಕರ್ನೆಲ್ ಹಾಕಿ ಲೈಲೋ ಕಮಾಂಡ್ ಮತ್ತೆ ಓಡಿಸದಿದ್ದರೆ ಪಟ್ಟಿ ಹಳೇದು, ಮನೆ ಬದಲಾಯಿಸಿದವರ ಹಳೇ ವಿಳಾಸಕ್ಕೆ ಪೋಸ್ಟ್ ಹೋದ ಹಾಗೆ. ತನ್ನ ಹೆಸರಿನ ನಾಲ್ಕು ಅಕ್ಷರಗಳನ್ನ ಅದು ಒಂದೊಂದು ಹಂತ ದಾಟಿದ ಹಾಗೆ ಒಂದೊಂದಾಗಿ ಮೂಡಿಸ್ತಿತ್ತು. ಎರಡೇ ಅಕ್ಷರ ಬಂದು ನಿಂತರೆ ಎರಡನೇ ಹಂತ ಡಿಸ್ಕಿಂದ ಬಂದಿದೆ, ಓಡೋಕೆ ಆಗಿಲ್ಲ ಅಂತ ಅರ್ಥ. 446 ಬೈಟ್‌ನೊಳಗೆ ಇದಕ್ಕಿಂತ ಒಳ್ಳೆಯ ಎರರ್ ಮೆಸೇಜ್ ಬರೆಯೋದು ಕಷ್ಟ.

1995ರಲ್ಲಿ ಎರಿಕ್ ಬೊಲೆನ್ ಗ್ರಬ್ ಶುರು ಮಾಡಿದ್ದು ಲಿನಕ್ಸ್‌ಗೋಸ್ಕರ ಅಲ್ಲ, ಗ್ನೂ ಹರ್ಡ್ ಬೂಟ್ ಮಾಡೋಕೆ. ಅದು ಫೈಲ್ ಸಿಸ್ಟಮ್ ಓದಬಲ್ಲದು. ಮೆನುವಿನಲ್ಲಿ ‘ಇ’ ಒತ್ತಿ ಕರ್ನೆಲ್‌ಗೆ ಹೋಗೋ ಸಾಲನ್ನ ಆ ಕ್ಷಣಕ್ಕೆ ಮಾತ್ರ ತಿದ್ದಬಹುದು. ರೂಟ್ ಯಾವುದು, ಕನ್ಸೋಲ್ ಯಾವುದು, ಕ್ರ್ಯಾಶ್ ಆದರೆ ಎಷ್ಟು ಮೆಮೊರಿ ಕಾದಿರಿಸಬೇಕು, ಎಲ್ಲ ಆ ಒಂದು ಸಾಲಿನಲ್ಲಿ. ಈ ಸಾಲಿನ ಒಂದು ಕೆಟ್ಟ ಗುಣ ಗೊತ್ತಿರಲಿ. ಗೊತ್ತಿಲ್ಲದ ಪದ ಕಂಡರೆ ಕರ್ನೆಲ್ ನಿಂತು ಬೈಯಲ್ಲ. ‘ನನ್ನದಲ್ಲ’ ಅಂತ ಇನಿಟ್‌ಗೆ ದಾಟಿಸಿ ಮುಂದೆ ಹೋಗುತ್ತೆ. ಕ್ರ್ಯಾಶ್‌ಕರ್ನೆಲ್ ಅನ್ನೋದರ ಒಂದು ಅಕ್ಷರ ತಪ್ಪಿದ್ದರೆ ಅದು ಗೊತ್ತಾಗೋದು ಸರ್ವರ್ ಬಿದ್ದು, ಡಂಪ್ ಹುಡುಕಿ, ಡಂಪ್ ಇಲ್ಲ ಅಂತ ಕಂಡ ದಿನ.

ಈಗಿನ ದೊಡ್ಡ ಕ್ಲಸ್ಟರ್‌ಗಳಲ್ಲಿ ನೂರಾರು ನೋಡ್‌ಗಳ ಡಿಸ್ಕಿಗೆ ಒಂದೊಂದಾಗಿ ಗ್ರಬ್ ಬರೆಯುತ್ತಾ ಕೂರೋರು ಕಡಿಮೆ. ಸಾಮಾನ್ಯವಾಗಿ ಬಳಸೋದು ಪಿಎಕ್ಸ್‌ಇ, ಅಂದ್ರೆ ನೆಟ್‌ವರ್ಕ್‌ನಿಂದ ಬೂಟ್. ಇಲ್ಲಿ ಹಳೇ ಟ್ರಾನ್ಸ್‌ಪ್ಯೂಟರ್ ಮತ್ತೆ ನೆನಪಾಗುತ್ತೆ. ಕರೆಂಟ್ ಬಂದ ನೋಡ್ ವೈರಿನ ಕಡೆ ಮುಖ ಮಾಡಿ ಕೂರುತ್ತೆ. ವ್ಯತ್ಯಾಸ ಇಷ್ಟೇ, ಅದು ಬಾಯಿ ಬಿಡದೆ ಕಾಯ್ತಿತ್ತು, ಇದು ‘ನನಗೆ ವಿಳಾಸ ಕೊಡಿ, ಬೂಟ್ ಫೈಲ್ ಕೊಡಿ’ ಅಂತ ಕೂಗುತ್ತೆ. ಉತ್ತರ ಕೊಡೋ ಸರ್ವರ್ ಯಾವುದೋ, ಆ ನೋಡ್ ಅವತ್ತು ಏನಾಗುತ್ತೆ ಅಂತ ನಿರ್ಧರಿಸೋದು ಅದೇ.

ಪಿಎಕ್ಸ್‌ಇ ಲಿನಕ್ಸ್ ತನ್ನ ಕಾನ್ಫಿಗರೇಶನ್ ಹುಡುಕೋ ಕ್ರಮ ನೋಡಿ. ತನ್ನ ಮ್ಯಾಕ್ ವಿಳಾಸದ ಹೆಸರಿನ ಫೈಲ್ ಕೇಳುತ್ತೆ. ಇಲ್ಲದಿದ್ದರೆ ಐಪಿ ವಿಳಾಸವನ್ನ ಹೆಕ್ಸ್‌ನಲ್ಲಿ ಬರೆದ ಹೆಸರು. 192.168.2.91 ಆದರೆ ‘ಸಿ0ಎ8025ಬಿ’. ಅದೂ ಸಿಗದಿದ್ದರೆ ಕೊನೆಯ ಅಕ್ಷರ ಬಿಟ್ಟು ‘ಸಿ0ಎ8025’, ಮತ್ತೊಂದು ಬಿಟ್ಟು ‘ಸಿ0ಎ802’, ಹೀಗೆ ಒಂದೊಂದೇ ಕಳಚುತ್ತಾ ಬರೀ ‘ಸಿ’ ತನಕ. ಇದರಿಂದ ಒಂದೇ ಫೈಲಿನಲ್ಲಿ ಹದಿನಾರು ನೋಡ್‌ಗೆ, ಇನ್ನೊಂದರಲ್ಲಿ 256 ನೋಡ್‌ಗೆ ಒಂದೇ ಸಾಲು ಕೊಡಬಹುದು. ಯಾವುದೂ ಸಿಗದಿದ್ದರೆ ಕೊನೆಗೆ ‘ಡಿಫಾಲ್ಟ್’ ಅನ್ನೋ ಫೈಲ್.

ಆ ಡಿಫಾಲ್ಟ್ ಫೈಲಿನಲ್ಲಿ ಆಟೋಮ್ಯಾಟಿಕ್ ಇನ್‌ಸ್ಟಾಲ್ ಬರೆದಿಟ್ಟಿದ್ದರೆ, ಆ ಸರ್ವರ್ ಮಾತು ಕೇಳೋ ನೆಟ್‌ವರ್ಕ್‌ಗೆ ತಪ್ಪಿ ಸಿಕ್ಕಿಸಿದ ಯಾವುದೇ ಯಂತ್ರ ನೆಟ್‌ವರ್ಕ್ ಬೂಟ್‌ಗೆ ಬಂತು ಅಂದ್ರೆ ತನ್ನ ಡಿಸ್ಕ್ ಒರೆಸಿಕೊಂಡು ಹೊಸದಾಗಿ ಏಳಬಹುದು. ಅಲ್ಲಿ ಇರಬೇಕಾದದ್ದು ‘ನಿನ್ನ ಡಿಸ್ಕಿನಿಂದಲೇ ಏಳು’ ಅನ್ನೋ ಸಾಲು. ಸೋಮವಾರ ಆಫೀಸಿಗೆ ಹೋದಾಗ, ಪರ್ಮಿಶನ್ ಇದ್ದರೆ, ನಿಮ್ಮ ಬೂಟ್ ಸರ್ವರ್‌ನಲ್ಲಿ ಆ ಫೈಲ್ ತೆರೆದು ಏನಿದೆ ನೋಡಿ. ಜೊತೆಗೆ ಯಾವುದಾದರೂ ಒಂದು ನೋಡ್‌ನಲ್ಲಿ ಪ್ರೊಕ್ ಡೈರೆಕ್ಟರಿಯ ಸಿಎಂಡಿಲೈನ್ ಫೈಲ್ ಓದಿ. ಆ ಕರ್ನೆಲ್‌ಗೆ ನಿಜವಾಗಿ ತಲುಪಿದ ಸಾಲು ಅದು. ಅದರಲ್ಲಿ ನಿಮಗೆ ಅರ್ಥವಾಗದ ಪದ ಯಾವುದು ಅಂತ ಕಾಮೆಂಟ್‌ನಲ್ಲಿ ಬರೀರಿ. ಮುಂದಿನ ಕಂತಿಗೆ ಅವನ್ನೇ ತಗೊಳ್ತೀನಿ.