ಚಾಕರಿಯ ಗಾಡಿ, ದೂರದ ದಾರಿ

ಪರನಾಡಿನಲ್ಲಿ ವಾಹನ ಕೊಂಡು ದೇಶ ಸುತ್ತುವುದು ಮೋಟಾರು ಯುಗದ ಶೋಕಿಯೇನಲ್ಲ. ತಾಂಜಿಯರಿನಿಂದ 1325ರಲ್ಲಿ ಹೊರಟ ಇಬ್ನ್ ಬತೂತ ದಾರಿಯುದ್ದಕ್ಕೂ ಸವಾರಿಗಳನ್ನು ಬದಲಿಸುತ್ತಲೇ ನಡೆದ. ಇಂದಿನ ಕಝಾಕಿಸ್ತಾನಕ್ಕೆ ಸೇರಿದ ಸರಾಯ್‌ಚಿಕ್ ಎಂಬ ಊರು ಮುಟ್ಟುವಷ್ಟರಲ್ಲಿ ಅವನ ಬಂಡಿಯ ಕುದುರೆಗಳು ಸೋತಿದ್ದವು. ಮುಂದೆ ಮರುಭೂಮಿ. ತಲೆಗೆ ನಾಲ್ಕು ದೀನಾರು, ಕೆಲವನ್ನು ಅದಕ್ಕೂ ಕಡಿಮೆಗೆ ಮಾರಿ, ಬಾಡಿಗೆ ಒಂಟೆಗಳನ್ನು ಬಂಡಿಗೆ ಕಟ್ಟಿಸಿದೆ ಎಂದು ಅವನ ‘ರಿಹ್ಲಾ’ದಲ್ಲಿದೆ. ನಮ್ಮ ಹೊನ್ನಾವರದ ಸುಲ್ತಾನನ ಊಟವನ್ನು ಬಡಿಸಿದ ಕ್ರಮದಲ್ಲೇ ಬಣ್ಣಿಸಿದವನು ಈ ನಷ್ಟದ ವ್ಯಾಪಾರವನ್ನು ಬರೆಯದೆ ಬಿಡುತ್ತಾನೆಯೇ? ಸುಂಕ ಆಗಲೂ ಇತ್ತು. ಸಿಂಧ್‌ಗೆ ಬರುವ ಕುದುರೆ ವ್ಯಾಪಾರಿಗಳು ತಲೆಗೆ 7 ಬೆಳ್ಳಿ ದೀನಾರು ಕೊಡಬೇಕಿತ್ತೆಂದು ಅವನೇ ಹೇಳುತ್ತಾನೆ. ಕೊಟ್ಟರೆ ದಾರಿ ಬಿಡುತ್ತಿದ್ದರು.

ಈ ಕಾಲದ ಕೆಲವು ಪಥಿಕರು ತಮ್ಮ ಕುದುರೆಯನ್ನು ಅಂಚೆಯವರ ಹಳೆಯ ಗಾಡಿಯಲ್ಲಿ ಕಂಡುಕೊಂಡರು. ಅದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಸೊಯಿಚಿರೊ ಹೋಂಡಾ ಮತ್ತು ಅವರ ಪಾಲುದಾರ ತಾಕೆಯೊ ಫುಜಿಸಾವಾ 1956ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಮೊಪೆಡ್, ಸ್ಕೂಟರುಗಳನ್ನು ನೋಡಿ ಬಂದರು. ಜಪಾನಿನ ಹೋಟೆಲ್ ಹುಡುಗ ಒಂದು ಕೈಯಲ್ಲಿ ಶಾವಿಗೆಯ ತಟ್ಟೆಗಳನ್ನು ಹಿಡಿದು ಇನ್ನೊಂದು ಕೈಯಿಂದ ಓಡಿಸಬಲ್ಲ ಗಾಡಿ ಬೇಕೆಂಬುದು ಅವರ ಲೆಕ್ಕಾಚಾರ. ಹಾಗಾಗಿ ಎಡಗೈಗೆ ಕ್ಲಚ್ಚಿನ ಹಿಡಿಯೇ ಇಲ್ಲ. ಕಾಲಿನಿಂದ ಗೇರು ಒತ್ತಿದರೆ ಸಾಕು. 1958ರ ಆಗಸ್ಟಿನಲ್ಲಿ 50 ಸಿಸಿಯ ಸೂಪರ್ ಕಬ್ ಬಂತು. 2017ರ ಹೊತ್ತಿಗೆ ಆ ವಂಶದ ಗಾಡಿಗಳ ಸಂಖ್ಯೆ 10 ಕೋಟಿ ಮುಟ್ಟಿತು. ಹಾಲಿನ ಕ್ಯಾನು, ಎಳನೀರಿನ ಗೊನೆ ಹೊರುವ ನಮ್ಮ ಟಿವಿಎಸ್ ಮೊಪೆಡ್ಡಿಗೆ ದೂರದ ದಾಯಾದಿ ಎನ್ನೋಣ. ಕಂಪನಿ ಬೇರೆ, ಎಂಜಿನ್ ಬೇರೆ, ಹಣೆಬರಹ ಒಂದೇ.

ಇದೇ ವಂಶದ ಸಿಟಿ 110 ಗಾಡಿಯನ್ನು ಆಸ್ಟ್ರೇಲಿಯಾದ ಅಂಚೆ ಇಲಾಖೆ ದಶಕಗಳ ಕಾಲ ದುಡಿಸಿತು. 105 ಸಿಸಿ, ನಾಲ್ಕು ಗೇರು, ಕಿಕ್ಕರ್, ಹಿಂದೆ ಅಗಲವಾದ ಕ್ಯಾರಿಯರ್. ಮನೆ ಮನೆಗೂ ನಿಂತು ಹೊರಟು ಸವೆದವುಗಳನ್ನು ಇಲಾಖೆ ಹರಾಜಿಗೆ ಹಾಕುತ್ತಿತ್ತು. ಅಂಥದೊಂದನ್ನು ಸಿಡ್ನಿಯಲ್ಲಿ ಕೊಂಡ ನೇಥನ್ ಮಿಲ್‌ವರ್ಡ್ ಎಂಬ ಇಂಗ್ಲೆಂಡಿನ ಯುವಕ 2009ರಲ್ಲಿ ಅದರ ಮೇಲೇ ಲಂಡನ್ನಿಗೆ ಹೊರಟು ಮುಟ್ಟಿದ. ದೊಡ್ಡ ಬೈಕಿನವರು ಕಂಪ್ಯೂಟರ್ ಹಿಡಿದ ಮೆಕ್ಯಾನಿಕ್‌ನನ್ನು ಹುಡುಕುವ ಕಡೆ ಇಂಥ ಗಾಡಿಗೆ ಹಳ್ಳಿಯ ಸೈಕಲ್ ಶಾಪಿನವನೂ ಆಗಬಹುದು. ಕೆಸರಲ್ಲಿ ಬಿದ್ದರೆ ಒಬ್ಬನೇ ಎತ್ತಬಹುದು.

ಇಷ್ಟು ಅಗ್ಗದ ಗಾಡಿ ಇದ್ದ ಮೇಲೆ ಬಡವನೂ ಜಗತ್ತು ಸುತ್ತಬಹುದಲ್ಲ ಎನಿಸುತ್ತದೆ. ಗಾಡಿ ಅಗ್ಗ, ಗಡಿ ದುಬಾರಿ. 1954ರಲ್ಲಿ ನ್ಯೂಯಾರ್ಕಿನಲ್ಲಿ ಆದ ಒಪ್ಪಂದದ ಪ್ರಕಾರ, ಸುಂಕ ಕಟ್ಟದೆ ಖಾಸಗಿ ವಾಹನವನ್ನು ತಾತ್ಕಾಲಿಕವಾಗಿ ಒಯ್ಯಲು ‘ಕಾರ್ನೆ’ ಎಂಬ ಪುಸ್ತಕ ಬೇಕು. ಭಾರತ, ಪಾಕಿಸ್ತಾನ, ಇರಾನ್‌ಗಳಲ್ಲಿ ಇದನ್ನು ಕೇಳುತ್ತಾರೆ. ಒಳಬರುವಾಗ ಒಂದು ಮುದ್ರೆ, ಹೊರಹೋಗುವಾಗ ಒಂದು ಮುದ್ರೆ. ಎರಡನೆಯದು ಬೀಳದಿದ್ದರೆ ಸುಂಕಕ್ಕೆ ಹೊಣೆ, ಠೇವಣಿಗೆ ಕುತ್ತು. ಅಂದರೆ ಇಬ್ನ್ ಬತೂತ ಸರಾಯ್‌ಚಿಕ್‌ನಲ್ಲಿ ಮಾಡಿದ್ದನ್ನು ತಡೆಯಲೆಂದೇ ಈ ಪುಸ್ತಕ ಹುಟ್ಟಿದೆ! ಗಾಡಿ ಸೋತರೆ ಅಲ್ಲಿಯೇ ಮಾರಿ ಮುಂದೆ ಹೋಗುವಂತಿಲ್ಲ. ಕೆಟ್ಟು ನಿಂತದ್ದನ್ನೂ ಲಾರಿಯಲ್ಲಿ ಹೇರಿಕೊಂಡು ಗಡಿ ದಾಟಿಸಬೇಕು. ಕಾರ್ನೆ ಕೊಡುವುದು ಸಾಮಾನ್ಯವಾಗಿ ಗಾಡಿ ನೋಂದಣಿಯಾದ ದೇಶದ ಆಟೊಮೊಬೈಲ್ ಸಂಘ. ಠೇವಣಿ, ವೀಸಾ, ಹಡಗಿನ ಬಾಡಿಗೆ ಎಲ್ಲ ಕೂಡಿಸಿದರೆ ಎಷ್ಟೋ ಸಲ ಗಾಡಿಯ ಬೆಲೆಯೇ ಚಿಲ್ಲರೆ.

ಇದರ ಮೇಲೆ ಪಾಸ್‌ಪೋರ್ಟ್. ಇಂಗ್ಲೆಂಡಿನ ಪಾಸ್‌ಪೋರ್ಟಿಗೆ ಗಡಿಯಲ್ಲೇ ತೆರೆಯುವ ಎಷ್ಟೋ ಬಾಗಿಲುಗಳ ಮುಂದೆ ನಮ್ಮವರು ತಿಂಗಳುಗಟ್ಟಲೆ ಮುಂಚೆಯೇ ಬ್ಯಾಂಕಿನ ಲೆಕ್ಕಪತ್ರ ಹಿಡಿದು ನಿಲ್ಲಬೇಕು. ಚಾಕರಿಯ ಗಾಡಿಗಳನ್ನು ಹಗಲಿಡೀ ಓಡಿಸುವ ಜನ ಆ ದೂರದ ದಾರಿಗಳಲ್ಲಿ ಅಷ್ಟಾಗಿ ಕಾಣಿಸದಿರುವುದಕ್ಕೆ ಅವರಿಗೆ ಆಸೆಯಿಲ್ಲವೆಂಬುದು ಕಾರಣವೆಂದು ನಾವು ನಂಬುವುದಿಲ್ಲ.

ಸಿಡ್ನಿಯಿಂದಲೋ ಹನೋಯಿಯಿಂದಲೋ ಬಂದವರು ಪಶ್ಚಿಮಕ್ಕೆ ಸಾಗಲು ಅಮೃತಸರದ ಆಚೆಯ ಅಟ್ಟಾರಿ ಠಾಣೆಯನ್ನು ನೆಚ್ಚಿಕೊಂಡಿದ್ದರು. ಪಹಲ್ಗಾಮ್ ದಾಳಿಯ ಬಳಿಕ 2025ರ ಏಪ್ರಿಲ್‌ನಲ್ಲಿ ಭಾರತ ಅದನ್ನು ಮುಚ್ಚುವುದಾಗಿ ಪ್ರಕಟಿಸಿತು. ಗಡಿಯ ಬಾಗಿಲು ಹಾಗೆ ಮುಚ್ಚಿದಾಗ ಗಾಡಿಯ ಗಾಳಿ ಇಳಿಸಿ, ಮರದ ಪೆಟ್ಟಿಗೆಯಲ್ಲಿ ಕಟ್ಟಿ, ಬಂದರಿಗೆ ಸಾಗಿಸುವುದೊಂದೇ ಉಳಿಯುತ್ತದೆ.